ನಾಲ್ಕನೇ ಜ್ವರದ ದಿನ

ಇಲಾಖೆಗೆ ಹೊಸದಾಗಿ ಸೇರಿದ ನಾಲ್ಕು ಜನ ಕಳೆದ ತಿಂಗಳು ಚಾಮರಾಜನಗರದ ನಮ್ಮ ಮನೆಗೆ ಬಂದಿದ್ದರು. ರೇಷ್ಮೆ ಪ್ರದರ್ಶಕನಾಗಿ ಮೂವತ್ತೊಂದು ವರ್ಷ ಹಳ್ಳಿ ತಿರುಗಿದವನೊಬ್ಬ ಇದ್ದಾನೆ, ಹೋಗಿ ಮಾತಾಡಿಸಿ ಎಂದು ಯಾರೋ ಹೇಳಿ ಕಳಿಸಿದ್ದರಂತೆ. ನನ್ನ ಹೆಂಡತಿ ರತ್ನ ಕಾಫಿ ಕೊಟ್ಟಳು. ಅವರು ಕೇಳಿದ ಮೊದಲ ಪ್ರಶ್ನೆ, 'ಸಾರ್, ತಿಂಗಳ ಗುರಿ ಮುಟ್ಟೋದು ಹೇಗೆ?' ನನಗೆ ನಗು ಬಂತು, ತಡೆದುಕೊಂಡೆ. ಅವತ್ತು ಬಾಯಿಗೆ ಬಂದದ್ದೇನೋ ಹೇಳಿ ಕಳಿಸಿಬಿಟ್ಟೆ. ಸರಿಯಾದ ಉತ್ತರ ಅವರು ಬಸ್ಸು ಹತ್ತಿದ ಮೇಲೆ ಹೊಳೆಯಿತು. ಅದು ಸ್ವಲ್ಪ ಉದ್ದವಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಯಾವಾಗ ಬಡ್ತಿ ಬಂತು, ಯಾವ ಊರಿಗೆ ಎಷ್ಟು ವರ್ಷ ಹಾಕಿದರು ಎನ್ನುವುದೆಲ್ಲ ಸರ್ವಿಸ್ ರಿಜಿಸ್ಟರಿನಲ್ಲಿ ಇದೆ. ಅದನ್ನು ಓದಿ ಯಾರಿಗೂ ಏನೂ ಆಗಬೇಕಾಗಿಲ್ಲ. ನಾನು ಹೇಳಬೇಕೆಂದಿರುವುದು ಹರವೆಯ ದೇವಮ್ಮಣ್ಣಿ ಎಂಬ ಹೆಣ್ಣುಮಗಳ ಒಂದು ಎಕರೆ ರೇಷ್ಮೆ ತೋಟದ ವಿಷಯ. ಗುರಿಯ ಹಿಂದೆ ಓಡುವ ಭರದಲ್ಲಿ ಆ ತೋಟಕ್ಕೆ ನಾನೇ ಕುತ್ತು ತಂದಿದ್ದೆ. ಅದಕ್ಕೆ ಮೊದಲು ನಾನು ಎಂಥ ಆಸಾಮಿಯಾಗಿದ್ದೆ ಎಂದು ನಿಮಗೆ ಗೊತ್ತಿದ್ದರೆ ಒಳ್ಳೆಯದು.

ನಾನು ಕೆಲಸಕ್ಕೆ ಸೇರಿದ್ದು ಗುಂಡ್ಲುಪೇಟೆಯಲ್ಲಿ. ರೈತರ ಮನೆಗೆ ಹೋಗಿ ಹುಳು ಹೇಗೆ ಸಾಕಬೇಕು, ಸೊಪ್ಪು ಯಾವಾಗ ಕೊಡಬೇಕು, ರೋಗ ಬಂದರೆ ಏನು ಮಾಡಬೇಕು ಎಂದು ತೋರಿಸಿಕೊಡುವುದು ಪ್ರದರ್ಶಕನ ಕೆಲಸ. ಮೊದಲ ದಿನ ಭೀಮನಬೀಡಿಗೆ ಹೊರಟಾಗ ಇಸ್ತ್ರಿ ಮಾಡಿದ ಷರಟು ಹಾಕಿ, ಮುಖಕ್ಕೆ ಪೌಡರು ಬಳಿದು, ತಲೆಗೆ ಘಮಘಮ ಎನ್ನುವ ಮಲ್ಲಿಗೆ ಎಣ್ಣೆ ಹಚ್ಚಿಕೊಂಡಿದ್ದೆ. ಸರ್ಕಾರಿ ನೌಕರ ಬರುತ್ತಿದ್ದಾನೆ ಎಂದು ದೂರದಿಂದಲೇ ಗೊತ್ತಾಗಬೇಕಲ್ಲ. ನಂಜಪ್ಪ ಎಂಬ ಹಿರಿಯ ರೈತರು ಹುಳುಮನೆಯ ಬಾಗಿಲಲ್ಲೇ ಕೈ ಅಡ್ಡ ಹಿಡಿದರು.

'ಅಲ್ಲೇ ನಿಂತ್ಕಳಪ್ಪ. ತಲ್ಗೆ ಏನ್ ಆಕಂಡು ಬಂದಿದ್ದೈ?'

'ಎಣ್ಣೆ, ಯಜಮಾನ್ರೇ.'

'ಈ ವಾಸ್ನೆಗೆ ನನ್ ಉಳ ಮೇವು ಬುಟ್ಬುಡ್ತವ. ಓಗು, ಪಂಪ್‌ಸೆಟ್ ತಾವ ತಲೆ ತೊಳ್ಕಂಡು ಬಾ.'

ರೇಷ್ಮೆ ಹುಳುವಿಗೆ ಬೀಡಿ ಹೊಗೆ, ಊದುಬತ್ತಿ, ಒಗ್ಗರಣೆಯ ಘಾಟು, ಸೆಂಟು ಯಾವುದೂ ಆಗದು. ಇದನ್ನು ತರಬೇತಿಯ ಪರೀಕ್ಷೆಯಲ್ಲಿ ನಾನೇ ಬರೆದು ಅಂಕ ತೆಗೆದುಕೊಂಡಿದ್ದೆ. ನಂಜಪ್ಪನವರ ಹೆಂಡತಿ ಸೀಗೆಪುಡಿ ಕೊಟ್ಟರು. ಪಂಪ್‌ಸೆಟ್ಟಿನ ನೀರಿಗೆ ತಲೆ ಒಡ್ಡಿ, ನಂಜಪ್ಪನವರ ಪಂಚೆ ಉಟ್ಟು ನಿಂತಾಗ, ಕೇರಳಕ್ಕೆ ತರಕಾರಿ ತುಂಬಲು ಬಂದಿದ್ದ ಲಾರಿಯವನೊಬ್ಬ 'ಎಂದಾ ಚೇಟ್ಟಾ?', ಏನಣ್ಣಾ ಇದು, ಎಂದು ಮಲಯಾಳದಲ್ಲಿ ವಿಚಾರಿಸಿಕೊಂಡು ಹೋದ. ಆ ಹೋಬಳಿ ಬಿಡುವವರೆಗೆ ನನ್ನ ಹೆಸರು ಎಣ್ಣೆ ಸಾಹೇಬ್ರು ಎಂದೇ ಇತ್ತು.

ಆಗ ನಮಗೊಬ್ಬರು ಮೇಲಧಿಕಾರಿ ಇದ್ದರು. ಹೆಸರು ಬೇಡ, ನಾವು ಅವರ ಹಿಂದೆ ಗುರಿ ಸಾಹೇಬರು ಎನ್ನುತ್ತಿದ್ದೆವು. ಬೆಳಿಗ್ಗೆ ನಾವು ನಮಸ್ಕಾರ ಎಂದರೆ 'ಗುರಿ ಎಷ್ಟು, ಸಾಧನೆ ಎಷ್ಟು?' ಎನ್ನುವುದೇ ಅವರ ಪ್ರತಿನಮಸ್ಕಾರ. ಮನುಷ್ಯ ಕೆಟ್ಟವರಲ್ಲ. ಅವರ ಮೇಲಿನವರು ಅವರನ್ನು ಕೇಳುತ್ತಿದ್ದರು, ಅವರು ನಮ್ಮನ್ನು ಕೇಳುತ್ತಿದ್ದರು, ನಾವು ಹೋಗಿ ರೈತರನ್ನು ಕೇಳುತ್ತಿದ್ದೆವು. ರೈತರು ಹುಳುವನ್ನು ಕೇಳುವ ಹಾಗಿರಲಿಲ್ಲ, ಹಾಗಾಗಿ ಪ್ರಶ್ನೆ ಅಲ್ಲಿಗೆ ನಿಲ್ಲುತ್ತಿತ್ತು.

ತಿಂಗಳಿಗೆ ಇಷ್ಟು ಮನೆ ನೋಡಬೇಕು, ನೋಡಿದ್ದನ್ನು ಡೈರಿಯಲ್ಲಿ ಬರೆಯಬೇಕು ಎಂಬ ನಿಯಮವಿತ್ತು. ನಾನು ಚುರುಕು. ನಾಳೆ ನೋಡುವುದನ್ನು ಇವತ್ತೇ ಬರೆದಿಟ್ಟರೆ ನಾಳೆ ಸಮಯ ಉಳಿಯುತ್ತದೆ ಎಂದು ಕಂಡುಹಿಡಿದೆ. ಒಂದು ಸೋಮವಾರ ಕೂತು ಗುರುವಾರದವರೆಗೆ ಬರೆದು ಮುಗಿಸಿದೆ. ಬುಧವಾರ ಬೆಳಿಗ್ಗೆ ನಾನು ಭೀಮನಬೀಡಿಗೆ ಹೋದರೆ ನಂಜಪ್ಪನವರ ಜಗಲಿಯ ಮೇಲೆ ಗುರಿ ಸಾಹೇಬರು ಕಾಲಿಳಿಬಿಟ್ಟು ಕೂತಿದ್ದಾರೆ. ಡೈರಿ ಕೊಡಿ ಎಂದರು. ತೆಗೆದು ಗಟ್ಟಿಯಾಗಿ ಓದಿದರು: 'ಬುಧವಾರ, ಬೆಳಿಗ್ಗೆ ಹನ್ನೊಂದು ಗಂಟೆ. ನಂಜಪ್ಪನವರ ಹುಳುಗಳು ಮೂರನೇ ಹಂತದಲ್ಲಿದ್ದು ಆರೋಗ್ಯವಾಗಿವೆ. ಸೂಕ್ತ ಸಲಹೆ ನೀಡಲಾಯಿತು.' ಆಮೇಲೆ ಕೈಗಡಿಯಾರ ನೋಡಿಕೊಂಡರು. ಗಂಟೆ ಹತ್ತೂ ಆಗಿರಲಿಲ್ಲ.

ನಂಜಪ್ಪನವರು ತಲೆ ಕೆರೆದುಕೊಂಡರು. 'ಉಳ ಎಲ್ಲವ ಸಾಮಿ? ಗೂಡು ಬುಡ್ಸಿ ನಾಕ್ ದಿನ ಆಯ್ತು. ಮನೆ ತೊಳ್ದು ಔಸ್ದಿ ಒಡ್ದು ಬಾಗ್ಲಾಕಿವಿ.'

'ಇಲ್ಲದ ಹುಳುವಿಗೆ ಏನ್ರೀ ಸಲಹೆ ಕೊಟ್ರಿ?' ಎಂದು ಸಾಹೇಬರು ನನ್ನನ್ನು ಕೇಳಿದರು. ಗಂಭೀರವಾಗಿರಲು ಬಹಳ ಪ್ರಯತ್ನಪಟ್ಟರು, ಆಗಲಿಲ್ಲ. ನಕ್ಕೂ ನಕ್ಕೂ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಮೆಮೊ ಕೊಡಲಿಲ್ಲ. ಆ ಪುಟವನ್ನು ತಿಂಗಳ ಸಭೆಯಲ್ಲಿ ಎದ್ದು ನಿಂತು ಓದಬೇಕು ಎಂದು ಅಪ್ಪಣೆ ಮಾಡಿದರು, ಓದಿದೆ. ಅಂದಿನಿಂದ ಮುಂಚಿತವಾಗಿ ಡೈರಿ ಬರೆಯುವುದು ನಿಂತಿತು. ಬುದ್ಧಿ ಮಾತ್ರ ನಾಳೆಯಲ್ಲೇ ಓಡಾಡುತ್ತಿತ್ತು. ಊಟಕ್ಕೆ ಕೂತರೆ ಮರುದಿನದ ಊರುಗಳ ಪಟ್ಟಿ ತಲೆಯಲ್ಲಿ. 'ತಟ್ಟೇಲಿ ಏನಿದೆ ಅಂತಾದ್ರೂ ಗೊತ್ತಾ ನಿಮ್ಗೆ?' ಎಂದು ರತ್ನ ಒಂದು ಸಲ ಕೇಳಿದ್ದಳು. ನೋಡಿ ಹೇಳಬೇಕಾಯಿತು.

ವರ್ಷಗಳು ಹೋದ ಹಾಗೆ ಕೆಲಸದ ರೀತಿ ಬದಲಾಯಿತು. ನಾನು ಸೇರಿದಾಗ ಬಿದಿರಿನ ತಟ್ಟೆಗಳಲ್ಲಿ ಹುಳು ಸಾಕುತ್ತಿದ್ದರು, ಸೊಪ್ಪನ್ನು ಎಲೆ ಎಲೆಯಾಗಿ ಬಿಡಿಸಿ ಕತ್ತಿಯಲ್ಲಿ ಹೆಚ್ಚಿ ಹಾಕುತ್ತಿದ್ದರು. ಮನೆಯ ಹೆಂಗಸರ ಬೆರಳೆಲ್ಲ ಹಸಿರು. ಈಗ ಎರಡು ಜ್ವರ ದಾಟಿದ ಮರಿಹುಳುಗಳನ್ನೇ ತಂದುಕೊಡುತ್ತಾರೆ, ಉದ್ದನೆಯ ಸ್ಟ್ಯಾಂಡಿನ ಮೇಲೆ ಕಡ್ಡಿ ಸಮೇತ ಸೊಪ್ಪು ಹಾಸಿದರೆ ಆಯಿತು. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯ ಜಾಗಕ್ಕೆ ಪ್ಲಾಸ್ಟಿಕ್ಕಿನದು ಬಂತು. ನನ್ನ ಡೈರಿಯ ಜಾಗಕ್ಕೆ ಫೋನು ಬಂತು. ಹುಳುವಿನ ಫೋಟೊ ತೆಗೆದು ಆಫೀಸಿನ ವಾಟ್ಸಾಪ್ ಗುಂಪಿಗೆ ಹಾಕಿದರೆ ಹೆಬ್ಬೆರಳುಗಳು ಬಂದು ಬೀಳುತ್ತವೆ.

ಹುಳು ಮಾತ್ರ ಬದಲಾಗಲಿಲ್ಲ. ಅದು ಈಗಲೂ ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿಕೊಂಡು, ಅಲುಗದೆ ಕೂರುತ್ತದೆ. ಹಳೆಯ ಚರ್ಮ ಕಳಚಿ ಹೊಸ ಚರ್ಮದಲ್ಲಿ ಏಳಬೇಕು, ಅದಕ್ಕೆ. ಕಾಯಿಲೆಯೇನಲ್ಲ, ಆದರೂ ರೈತರು ಇದನ್ನು ಜ್ವರ ಎನ್ನುತ್ತಾರೆ. ನಾವೂ ಹಾಗೇ ಹೇಳುತ್ತೇವೆ. ಒಂದು ದಿನ ಕೂರುತ್ತದೆ, ಚಳಿಯಿದ್ದರೆ ಇನ್ನೂ ಸ್ವಲ್ಪ ಹೆಚ್ಚು. ಆಗ ಅದನ್ನು ಮುಟ್ಟಬಾರದು, ಸೊಪ್ಪು ಹಾಕಬಾರದು. ಹೆಚ್ಚುಕಮ್ಮಿ ಎಲ್ಲ ಹುಳುವೂ ಎದ್ದ ಮೇಲೆಯೇ ಮೊದಲ ಮೇವು. ಇಪ್ಪತ್ತೈದು ವರ್ಷ ಊರೂರಿನಲ್ಲಿ ನಾನೇ ಕಲಿಸಿದ ಪಾಠ ಇದು, ನೆನಪಿಟ್ಟುಕೊಳ್ಳಿ.

ಹರವೆ ಹೋಬಳಿಗೆ ಬಂದಾಗ ನನಗೆ ಐವತ್ತರ ಹತ್ತಿರ. ದೇವಮ್ಮಣ್ಣಿ ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಅಕ್ಕಾ ಎಂದೇ ಕರೆಯುತ್ತಿದ್ದೆ. ಅವರ ಯಜಮಾನರು ಶಿವಮಲ್ಲಪ್ಪ, ಅರಿಶಿನ, ಬಾಳೆ ಬೆಳೆಯುವ ಗಟ್ಟಿ ರೈತರು. ಸದಾ ಅವಸರ. ಪಂಚೆ ಎತ್ತಿ ಕಟ್ಟಿಕೊಂಡು ಒಂದು ಹೊಲದಿಂದ ಇನ್ನೊಂದಕ್ಕೆ ಓಡುತ್ತಲೇ ಇರುವರು. ಮನೆಯ ಹಿಂದಿನ ಒಂದು ಎಕರೆಯಲ್ಲಿ ಮಾತ್ರ ದೇವಮ್ಮಣ್ಣಿ ತಾವೇ ನಿಂತು ರೇಷ್ಮೆ ಕಡ್ಡಿ, ಅಂದರೆ ಹುಳು ತಿನ್ನುವ ಹಿಪ್ಪುನೇರಳೆ, ನೆಡಿಸಿದ್ದರು. ಮನೆಯ ಪಕ್ಕಕ್ಕೆ, ಜಗಲಿಗೆ ಕಾಣುವ ಹಾಗೆ ಹುಳುಮನೆ. ಹೆಂಗಸರ ಕೆಲಸವೆಂದು ಶಿವಮಲ್ಲಪ್ಪ ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಅದರೊಳಗೆ ಕಾಲಿಟ್ಟವರಲ್ಲ. 'ಒಲೆ ಮುಂದೆ ಕುಂತ್ರೆ ನಾನು ಈ ಮನೆ ಸೊಸೆ ಕಣಿ ಸಾರ್. ಇಲ್ಲಿ ನನ್ನ ಯಾರೂ ಏನೂ ಕೇಳಕ್ಕಿಲ್ಲ' ಎಂದು ದೇವಮ್ಮಣ್ಣಿ ಹೇಳಿದ್ದರು. ಆ ಎಕರೆ ಅವರಿಗೆ ಏನಾಗಿತ್ತು ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಅವರಷ್ಟು ಅಚ್ಚುಕಟ್ಟಾಗಿ ಹುಳು ಸಾಕುವವರು ಆ ಸುತ್ತಿನಲ್ಲಿ ಇರಲಿಲ್ಲ. ಹಾಗಾಗಿ ಕ್ಷೇತ್ರೋತ್ಸವ ಅವರ ಮನೆಯಲ್ಲೇ ಆಗಲಿ ಎಂದು ನಾನು ಆಫೀಸಿನಲ್ಲಿ ಹೇಳಿದೆ. ಸುತ್ತಲ ಊರುಗಳ ರೈತರನ್ನು ಕರೆಸಿ, ಹುಳು ಹಣ್ಣಾಗಿ, ಅಂದರೆ ಮೇವು ಮುಗಿಸಿ ಗೂಡಿಗೆ ಸಿದ್ಧವಾಗಿ, ಚಂದ್ರಿಕೆ ಏರುವುದನ್ನು ತೋರಿಸುವ ಕಾರ್ಯಕ್ರಮ. ಶಾಮಿಯಾನ, ಮೈಕು, ಊಟ. ಆಹ್ವಾನ ಪತ್ರಿಕೆಯಲ್ಲಿ ದಿನ ಅಚ್ಚಾಯಿತು. ಇದು ಚೆನ್ನಾಗಿ ನಡೆದರೆ ಆ ವರ್ಷದ ಉತ್ತಮ ಪ್ರದರ್ಶಕ ಎಂಬ ಪ್ರಶಸ್ತಿಪತ್ರ ನನಗೇ ಬರುವುದಿತ್ತು. ಅದನ್ನು ತೂಗುಹಾಕಲು ಮನೆಯಲ್ಲಿ ಕ್ಯಾಲೆಂಡರಿಗೂ ಗಡಿಯಾರಕ್ಕೂ ನಡುವೆ ಜಾಗ ಗೊತ್ತುಮಾಡಿದ್ದೆ. ಪತ್ರ ಬರಲಿ, ಆಮೇಲೆ ಗೋಡೆಗೆ ಮೊಳೆ ಹೊಡೆಯೋಣ ಎಂದು ರತ್ನ ತಡೆದಿದ್ದಳು.

ಅಷ್ಟರಲ್ಲಿ ಮೋಡ ಮುಚ್ಚಿಕೊಂಡು ವಾರವಿಡೀ ಥಂಡಿ. ಹುಳು ನಿಧಾನವಾಯಿತು, ನಾಲ್ಕನೇ ಜ್ವರಕ್ಕೆ ಒಂದೂವರೆ ದಿನ ತಡವಾಗಿ ಕೂತಿತು. ನಾನು ಬೆರಳು ಮಡಿಸಿ ಎಣಿಸಿದೆ. ಉತ್ಸವದ ದಿನಕ್ಕೆ ಹಣ್ಣಾಗುವುದಿಲ್ಲ. ಇದ್ದಿಲ ಒಲೆ ಇಡಿಸಿ ಮನೆ ಕಾಯಿಸಿದೆ. ಮರುದಿನ ಬೆಳಿಗ್ಗೆ ಹೋದಾಗ ಕೆಲವು ಎದ್ದಿದ್ದವು, ಇನ್ನು ಕೆಲವು ತಲೆ ಎತ್ತಿಕೊಂಡು ಹಾಗೇ ಕೂತಿದ್ದವು.

'ಅಕ್ಕಾ, ಸೊಪ್ಪು ಹಾಕಿಬಿಡಿ' ಎಂದೆ.

'ಇನ್ನೂ ಅರ್ದಕ್ಕರ್ದ ಕುಂತವಲ್ಲ ಸಾರ್.'

'ಎದ್ದಿರೋವು ಹಸ್ಕೊಂಡಿವೆ. ಉಳಿದವು ಆಮೇಲೆ ಎದ್ದು ಸೇರ್ಕೊಳ್ತವೆ.'

'ಎಲ್ಲ ಏಳಗಂಟ ಮುಟ್ಬ್ಯಾಡಿ ಅಂತ ನೀವೇ ಅಲ್ವಾ ಯೋಳ್ಕೊಟ್ಟುದ್ದು?'

'ಈಗ್ಲೂ ನಾನೇ ತಾನೆ ಹೇಳ್ತಿರೋದು.'

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಕಂತೆ ಬಿಚ್ಚಿ ಸೊಪ್ಪು ಹಾಸಿದರು. ನನಗೆ ಗೊತ್ತಿಲ್ಲದೆ ಆದ ತಪ್ಪಲ್ಲ ಇದು. ಎದ್ದ ಹುಳು ತಿಂದು ಮುಂದೆ ಹೋಗುತ್ತದೆ, ಕೂತ ಹುಳು ಸೊಪ್ಪಿನ ಕೆಳಗೆ ಸಿಕ್ಕಿಹಾಕಿಕೊಂಡು ಹಿಂದೆ ಬೀಳುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಬೆಳಿಗ್ಗೆ ನನ್ನ ಕಣ್ಣ ಮುಂದೆ ಇದ್ದದ್ದು ಹುಳುವಲ್ಲ, ಮುಂದಿನ ವಾರದ ಶಾಮಿಯಾನ.

ಉತ್ಸವದ ದಿನ ಜನ ಚೆನ್ನಾಗಿಯೇ ಸೇರಿದರು. ನಾನು ಮೈಕಿನಲ್ಲಿ ಸ್ವಾಗತ ಮಾಡಿ ಎಲ್ಲರನ್ನೂ ಹುಳುಮನೆಗೆ ಕರೆದುಕೊಂಡು ಹೋದೆ. ಒಂದೇ ಸ್ಟ್ಯಾಂಡಿನಲ್ಲಿ ಕೆಲವು ಹುಳು ಹಣ್ಣಾಗಿ ಸೊಪ್ಪಿನ ಸಂದಿಯಲ್ಲೇ ಗೂಡು ಕಟ್ಟುತ್ತಿದ್ದವು, ಕೆಲವು ಇನ್ನೂ ಮೇಯುತ್ತಿದ್ದವು, ಅಡಿಯಲ್ಲಿ ಸಿಕ್ಕವು ಸಣಕಲಾಗಿ ಸಪ್ಪಗೆ ಬಿದ್ದಿದ್ದವು. ಸಾಹೇಬರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉಮ್ಮತ್ತೂರಿನಿಂದ ಬಂದ ಮುದುಕರೊಬ್ಬರು ಬಗ್ಗಿ ಪರೀಕ್ಷೆ ಮಾಡಿ, ಪಕ್ಕದವನಿಗೆ ಹೇಳಿದರು: 'ಇಲ್ ನೋಡ್ಲಾ, ತಾತ, ಮಗ, ಮೊಮ್ಮಗ, ಮೂರು ತಲೆಮಾರೂ ಒಂದೇ ಮನೇಲವ.' ಇಡೀ ಹುಳುಮನೆ ನಕ್ಕಿತು. ನನಗೂ ನಗು ಬಂತು, ಜೊತೆಗೆ ಭೂಮಿ ಬಾಯಿಬಿಟ್ಟರೆ ಒಳಗೆ ಹೋಗಿಬಿಡೋಣ ಎನ್ನಿಸಿತು.

ಬೆಳೆ ಅರ್ಧವೂ ಕೈಗೆ ಬರಲಿಲ್ಲ. ದೇವಮ್ಮಣ್ಣಿ ನಾಲ್ಕು ದಿನ ಬೆನ್ನು ಬಗ್ಗಿಸಿ ಹಣ್ಣಾದ ಹುಳುವನ್ನು ಒಂದೊಂದಾಗಿ ಆರಿಸಿದರು. ಶಿವಮಲ್ಲಪ್ಪ ಹೊರಗಿನಿಂದಲೇ ತೀರ್ಮಾನ ಕೊಟ್ಟರು: 'ಸಾಕು. ಎಲ್ಲ ಕಿತ್ತಾಕ್ಬುಟ್ಟು ಬಾಳೆ ಆಕನ.' ದೇವಮ್ಮಣ್ಣಿ ಒಂದೇ ಮಾತು ಕೇಳಿಕೊಂಡರು. ತೋಟ ಮತ್ತೆ ಚಿಗುರುತ್ತಿದೆ, ಆ ಸೊಪ್ಪಿಗೆ ಒಂದು ಬೆಳೆ ಮಾತ್ರ ಮಾಡುತ್ತೇನೆ ಎಂದರು. 'ಅದೊಂದೇಯ. ಆಮೇಲೆ ಟ್ರಾಕ್ಟರ್ ಬುಡ್ಸದೇಯ' ಎಂದು ಒಪ್ಪಿಕೊಂಡರು ಶಿವಮಲ್ಲಪ್ಪ.

ನಾನು ಹದಿನೈದು ದಿನ ಆ ಕಡೆ ತಲೆ ಹಾಕಲಿಲ್ಲ. ನಾಚಿಕೆ. ಕೊನೆಗೆ ಒಂದು ಬೆಳಿಗ್ಗೆ ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿ, ಗಂಡ ಹೆಂಡತಿ ಇಬ್ಬರ ಮುಂದೆಯೂ ಹೇಳಿದೆ, ತಪ್ಪು ಹುಳುವಿನದಲ್ಲ, ಅಕ್ಕನದಲ್ಲ, ನನ್ನದು ಎಂದು.

'ತಪ್ಪು ಯಾರ್ದಾದ್ರೇನ್ ಬುಡಿ ಸಾರ್' ಎಂದರು ಶಿವಮಲ್ಲಪ್ಪ, ಟವೆಲ್ಲು ಹೆಗಲಿಗೆ ಹಾಕಿಕೊಳ್ಳುತ್ತ. 'ಬಾಳೆಗೆ ಜರ ಬರಕ್ಕಿಲ್ಲ.' ಹೊಲಕ್ಕೆ ಹೊರಟೇಬಿಟ್ಟರು.

ದೇವಮ್ಮಣ್ಣಿ ಮಜ್ಜಿಗೆ ಕೊಟ್ಟರು. ನಾನು ಕುಡಿದು ಮುಗಿಸುವ ತನಕ ಕಾದು, 'ಈ ಬೆಳೆಗೂ ಬನ್ನಿ ಸಾರ್' ಎಂದರು. 'ಆದ್ರೆ ಆ ಬುಕ್ಕು, ಆ ಫೋನು ಒಳಕ್ಕೆ ತರಬ್ಯಾಡಿ. ಬಂದು ನೋಡಿ. ಇವತ್ತು ಏನದ ಅಷ್ಟು ಯೋಳಿ. ನಾಳಿದ್ದು ನನಗ ಬ್ಯಾಡ.'

ಹೊಸ ಹುಳು ಬಂದ ಮೇಲೆ ದಿನವೂ ಹೋದೆ. ಮೊದಲ ಎರಡು ದಿನ ಬಹಳ ಕಷ್ಟವಾಯಿತು. ಫೋನು ಮೊಪೆಡ್ಡಿನ ಚೀಲದಲ್ಲಿ, ಕೈ ಮಾತ್ರ ಗಳಿಗೆಗೊಮ್ಮೆ ಜೇಬಿಗೆ. ಸುಮ್ಮನೆ ನೋಡುವುದು ಎಂದರೆ ಏನು ಎಂದೇ ಮರೆತುಹೋಗಿತ್ತು. ಮೂರನೇ ದಿನದ ಹೊತ್ತಿಗೆ ಕಾಣತೊಡಗಿತು. ಹುಳು ಎಲೆಯನ್ನು ಎಲ್ಲೆಂದರಲ್ಲಿ ಕಚ್ಚುವುದಿಲ್ಲ. ಎಲೆಯ ಅಂಚನ್ನು ಮುಂಗಾಲುಗಳಲ್ಲಿ ಹಿಡಿದು, ಮೇಲಿನಿಂದ ಕೆಳಕ್ಕೆ ಕಮಾನಿನ ಹಾಗೆ ತಿಂದು ಇಳಿಯುತ್ತದೆ. ತಲೆ ಎತ್ತಿ ಮತ್ತೆ ಮೇಲಿನಿಂದ ಶುರು. ಇಷ್ಟು ವರ್ಷ ಲಕ್ಷಾಂತರ ಹುಳು ನೋಡಿದವನು ನಾನು, ಒಂದು ಹುಳು ಒಂದು ಎಲೆ ತಿಂದು ಮುಗಿಸುವುದನ್ನು ಪೂರ್ತಿ ನೋಡಿರಲಿಲ್ಲ. ದೇವಮ್ಮಣ್ಣಿ ಸೊಪ್ಪಿನ ಮೇಲೆ ಅಂಗೈ ಹಿಂಬದಿ ಇಟ್ಟು ಬಿಸಿ ಎಷ್ಟಿದೆ ಎನ್ನುವರು. ನಾನು ಕದ್ದು ಥರ್ಮಾಮೀಟರ್ ನೋಡುವೆ. ಒಂದು ಡಿಗ್ರಿ ಆಚೀಚೆ ಇರುತ್ತಿರಲಿಲ್ಲ. ಮೂರನೇ ಸಲ ಕದ್ದು ನೋಡುವಾಗ ಸಿಕ್ಕಿಬಿದ್ದೆ. 'ಏನಂತದ ನಿಮ್ ಕಡ್ಡಿ?' ಎಂದರು. ನೀವು ಹೇಳಿದ್ದನ್ನೇ ಹೇಳುತ್ತಿದೆ ಎಂದೆ, ಇಬ್ಬರೂ ನಕ್ಕೆವು. ಕೆಲಸದಲ್ಲಿ ಇಷ್ಟು ಸುಖವಿದೆ ಎಂದು ನನಗೆ ಆ ತನಕ ತಿಳಿದಿರಲಿಲ್ಲ.

'ನಾಳೆ ಜರಕ್ಕ ಕುಂತ್ಕತವ. ನಮ್ ಬೀದೀಲಿ ಹಬ್ಬ, ಊಟಕ್ಕ ಬನ್ನಿ' ಎಂದು ಒಂದು ಸಂಜೆ ಕರೆದರು. ನನಗೆ ಅರ್ಥವಾಗಲಿಲ್ಲ. ಹೋಗಿ ನೋಡಿದರೆ ಹುಳುಮನೆ ಬಾಗಿಲು ಮುಚ್ಚಿದೆ, ದೇವಮ್ಮಣ್ಣಿ ಎಣ್ಣೆ ನೀರು ಹಾಕಿಕೊಂಡು ಕೂದಲು ಹರಡಿ ಜಗಲಿಯ ಮೇಲೆ ಕೂತಿದ್ದಾರೆ. ಹುಳು ಬಂದಾಗಿನಿಂದ ಅವರು ಬೀದಿ ದಾಟಿರಲಿಲ್ಲ, ಮನೆಯಲ್ಲಿ ಒಗ್ಗರಣೆ ಹಾಕಿರಲಿಲ್ಲ. ನಾಲ್ಕನೇ ಜ್ವರದ ದಿನ ಹುಳುವಿಗೆ ಮೇವಿಲ್ಲ, ಸಾಕುವವರಿಗೆ ಕೆಲಸವಿಲ್ಲ. ಅವತ್ತು ಬೀದಿಯ ಕೊನೆಯ ಮನೆಯಲ್ಲಿ ಅಡುಗೆ, ಅಕ್ಕಪಕ್ಕದ ಹೆಂಗಸರೆಲ್ಲ ಸೇರಿ ಊಟ. ಆಮೇಲೆ ದೇವಮ್ಮಣ್ಣಿಯ ಜಗಲಿಗೆ ಬಂದು ಅಳಗುಳಿ ಮಣೆ. ಇಂಥದೊಂದು ರಜೆ ಇದೆ ಎಂದು ಇಲಾಖೆಯ ಯಾವ ಕೈಪಿಡಿಯಲ್ಲೂ ಇರಲಿಲ್ಲ, ಇಪ್ಪತ್ತೈದು ವರ್ಷ ನಾನು ಆ ದಿನಗಳಲ್ಲಿ ಬಂದು, ಹುಳುವಿನ ಹಾಸು ಒಣಗಲು ಸುಣ್ಣದ ಪುಡಿ ಹಾಕಿದ್ದಾರೆಯೇ ಎಂದು ಕೇಳಿ, ಬೇರೆ ಊರಿಗೆ ಓಡಿಬಿಡುತ್ತಿದ್ದೆ.

ಅಂದು ನನ್ನ ಪಟ್ಟಿಯಲ್ಲಿ ಇನ್ನೂ ನಾಲ್ಕು ಮನೆಗಳಿದ್ದವು. ನಾಲ್ಕನ್ನೂ ನಾಳೆಗೆ ಬಿಟ್ಟು ಆಟಕ್ಕೆ ಕೂತೆ. ಹುಣಸೆ ಬೀಜ ಹಂಚಿದರು. ನನ್ನ ಕಣ್ಣು ಹುಳುಮನೆಯ ಬಾಗಿಲ ಕಡೆ ಹೋಗುತ್ತಿತ್ತು.

'ಮೂರ್ ಕಿತ ನೋಡುದ್ರಿ ಆ ಬಾಗ್ಲ' ಎಂದರು ದೇವಮ್ಮಣ್ಣಿ. 'ಅವು ಏಳುವಾಗ ಏಳ್ತವ. ನಿಮ್ ಮುಂದ್ಲ ಗುಳೀಲಿ ಎಷ್ಟು ಬೀಜ ಅದ ನೋಡ್ಕಳಿ.'

ನೋಡಿಕೊಳ್ಳಲಿಲ್ಲ, ಎಲ್ಲ ಬೀಜವೂ ಅವರ ಪಾಲಾಯಿತು. ಸತತವಾಗಿ ಐದು ಆಟ ಸೋತೆ. ಆರನೆಯದರ ಹೊತ್ತಿಗೆ ಬಾಗಿಲು ಮರೆತೆ, ಪಟ್ಟಿ ಮರೆತೆ. ಬಿಸಿಲು ಜಗಲಿಯಿಂದ ಇಳಿದು ಬೀದಿ ದಾಟಿತು. ಹಪ್ಪಳ ಬಂತು, ಕಾಫಿ ಬಂತು, ಯಾರದೋ ಸೊಸೆಯ ಸೀಮಂತದ ಸುದ್ದಿ ಬಂತು. ಒಂದು ಆಟ ಗೆದ್ದೆ ಕೂಡ, ಮೋಸ ಮಾಡದೆ. ಕೆಲಸದ ದಿನ ಏನೂ ಮಾಡದೆ ಕೂತದ್ದು ಜೀವಮಾನದಲ್ಲಿ ಅದೇ ಮೊದಲು. ಅಂದು ಹುಳುವಿಗಾಗಿ ಮಾಡಬೇಕಾಗಿದ್ದ ಕೆಲಸವೂ ಅದೇ ಆಗಿತ್ತು.

ಮರುದಿನ ಮಧ್ಯಾಹ್ನ ಹುಳುಗಳೆಲ್ಲ ಎದ್ದವು. ಕೊನೆಯ ಕೆಲವು ಏಳುವ ತನಕ ದೇವಮ್ಮಣ್ಣಿ ಸೊಪ್ಪಿನ ಕಂತೆ ಬಿಚ್ಚಲಿಲ್ಲ, ನಾನೂ ಬಿಚ್ಚಿ ಎನ್ನಲಿಲ್ಲ. ನಾನು ಕಲಿತದ್ದು ಇಷ್ಟೇ. ಆದರೆ ತೋಟದ ಮೇಲಿನ ತೀರ್ಪು ಹಾಗೇ ಇತ್ತು. ಮೂರು ದಿನ ಕಳೆದು, ಬೆಳಗಿನ ಮೇವಿನ ಹೊತ್ತಿಗೆ ಹೊರಗೆ ಟ್ರಾಕ್ಟರ್ ಬಂದು ನಿಂತಿತು. ಶಿವಮಲ್ಲಪ್ಪ ಟ್ರಾಕ್ಟರಿನ ಕುಮಾರನನ್ನೇ ಕರೆದುಕೊಂಡು ಬಂದಿದ್ದರು, ತೋಟ ತೋರಿಸಿ ಕೀಳುವ ದಿನ ಗೊತ್ತುಮಾಡಲು.

'ಬಾರಮ್ಮಿ ಆಚ್ಗ. ಎಲ್ಲಿಂದ ಎಲ್ಗಂಟ ಅಂತ ತೋರ್ಸು' ಎಂದು ಬಾಗಿಲಿನಿಂದ ಕೂಗಿದರು.

ದೇವಮ್ಮಣ್ಣಿಯ ಎರಡು ಕೈಯಲ್ಲೂ ಸೊಪ್ಪಿನ ಕಡ್ಡಿ. 'ಈ ಮೇವು ಅರ್ದಕ್ಕ ಬುಟ್ಟು ಬರಕ್ಕಾಗಕ್ಕಿಲ್ಲ. ಕಾಲ್ ತೊಳ್ಕಂಡು ಒಳಕ್ ಬನ್ನಿ, ವಸಿ ಕುಂತ್ಕಳಿ.'

ಶಿವಮಲ್ಲಪ್ಪ ಗೊಣಗುತ್ತ ಕಾಲು ತೊಳೆದು ಒಳಗೆ ಬಂದರು, ಮೂಲೆಯಲ್ಲಿ ಬೋರಲು ಹಾಕಿದ್ದ ಮಂಕರಿಯ ಮೇಲೆ ಕೂತರು. ನಾವಿಬ್ಬರೂ ಎರಡು ಸ್ಟ್ಯಾಂಡಿಗೂ ಈ ತುದಿಯಿಂದ ಆ ತುದಿಯವರೆಗೆ ಸೊಪ್ಪು ಹಾಸಿ ಮುಗಿಸಿದೆವು. ದೇವಮ್ಮಣ್ಣಿ ಕೈಕಟ್ಟಿ ನಿಂತರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಕಡೆಯಿಂದ ಸಣ್ಣಗೆ ಸದ್ದು ಎದ್ದಿತು. ನಿಧಾನವಾಗಿ ಎಲ್ಲ ಕಡೆಗೂ ಹಬ್ಬಿತು. ಒಣಗಿದ ಹುರುಳಿಕಾಯಿಯನ್ನು ಹತ್ತಾರು ಜನ ಕೂತು ಅಂಗೈಯಲ್ಲಿ ಮೆತ್ತಗೆ ಉಜ್ಜುತ್ತಿರುವ ಹಾಗೆ.

'ಏನಮ್ಮಿ ಅದು?' ಎಂದರು ಶಿವಮಲ್ಲಪ್ಪ.

'ಮೇಯ್ತಾವ.'

'ಇಷ್ಟು ಜೋರಾಗಾ?'

'ಕಡೇ ಜರ ಎದ್ಮೇಲ ಇಂಗೇಯ.'

'ದಿನಾಲು ಕೇಳ್ತದಾ?'

'ಇಪ್ಪತ್ತೊರ್ಸದಿಂದ.'

ಅವರು ಮಂಕರಿಯನ್ನು ಸ್ಟ್ಯಾಂಡಿನ ಹತ್ತಿರಕ್ಕೆ ಎಳೆದುಕೊಂಡರು. ಮೂಗು ತಾಗುವಷ್ಟು ಬಗ್ಗಿದರು. ಅವರ ಮುಂದಿದ್ದ ಒಂದು ದೊಡ್ಡ ಎಲೆ ಅಂಚಿನಿಂದ ಕರಗುತ್ತ ಕರಗುತ್ತ ನಾರು ಮಾತ್ರ ಉಳಿಯಿತು. ಇನ್ನೊಂದು ಎಲೆಗೆ ಕಣ್ಣು ಹೋಯಿತು. ಹೊರಗೆ ಕುಮಾರ ಹಾರನ್ ಮಾಡಿದ. 'ಯಜಮಾನ್ರೇ, ದಿನ ಯೋಳಿ, ಬೇರೆ ಕಡೆ ಬಾಡ್ಗೆ ಅದ ನಂಗ.' ಶಿವಮಲ್ಲಪ್ಪ ತಿರುಗದೆ ಕೈ ಎತ್ತಿದರು. 'ಆಫ್ ಮಾಡ್ಲಾ ಅದ. ಇಲ್ಲಿ ಏನೂ ಕೇಳಕ್ಕಿಲ್ಲ.'

ಟ್ರಾಕ್ಟರ್ ನಿಂತಿತು. ನಾನು ದೇವಮ್ಮಣ್ಣಿಯ ಕಡೆ ನೋಡಿದೆ. ಅವರು ಗೋಡೆಯ ಕಡೆ ಮುಖ ಮಾಡಿ ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದರು. ಕುಮಾರ ಕಾದು ಕಾದು ಬಾಡಿಗೆಗೆ ಹೊರಟುಹೋದ. ಮತ್ತೆ ಅವನನ್ನು ಆ ಕೆಲಸಕ್ಕೆ ಯಾರೂ ಕರೆಯಲಿಲ್ಲ. ಆ ಬೆಳೆಯಲ್ಲಿ ಗೂಡು ಎಷ್ಟು ಬಂತು ಎಂದು ಹೊಸಬರು ಕೇಳುತ್ತೀರಿ, ಬೇಕಿದ್ದರೆ ರಿಜಿಸ್ಟರ್ ತೆಗೆದು ನೋಡಿ. ತೋಟ ಉಳಿದದ್ದು ಅಂದು, ಒಂದು ಹುಳುವೂ ಇನ್ನೂ ಗೂಡು ಕಟ್ಟದಿದ್ದಾಗ, ಕಟ್ಟುತ್ತದೋ ಇಲ್ಲವೋ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲದಿದ್ದಾಗ.

ಬಹಳ ಹೊತ್ತಿನ ಮೇಲೆ ಶಿವಮಲ್ಲಪ್ಪ ಮಂಡಿ ಹಿಡಿದುಕೊಂಡು ಎದ್ದರು. ಅರಿಶಿನದ ಹೊಲಕ್ಕೆ ನೀರು ಕಟ್ಟುವುದಿತ್ತು. ಬಾಗಿಲ ತನಕ ಹೋದವರು ಅಲ್ಲೇ ನಿಂತರು.

'ಇನ್ನೊಂದು ಮೇವು ಎಷ್ಟೊತ್ಗ?' ಎಂದರು.

'ಸಂಜ್ಗ.'

'ನಾನ್ ಬರಗಂಟ ಆಕ್ಬ್ಯಾಡ' ಎಂದು ಹೇಳಿ ಹೊರಟರು.